ಕೈ ಹಿಡಿದು ಎಬ್ಬಿಸುವ ಮುನ್ನ

ಫಿಸಿಯೋಥೆರಪಿಸ್ಟ್ ಆಗಿ ಇಪ್ಪತ್ತು ವರ್ಷಗಳಿಂದ ವಯಸ್ಸಾದವರ ಮನೆಗಳಿಗೆ ಹೋಗಿ ಬರುತ್ತಿದ್ದೇನೆ. ಆ ಮನೆಗಳಲ್ಲಿ ಕಲಿತದ್ದಿಷ್ಟು:

1. ಏಳುವುದನ್ನು ನೋಡಿ. ಕೈಗಳನ್ನು ಎದೆಗೆ ಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂರಲು ಹೇಳುತ್ತೇನೆ. ಅದಕ್ಕೆ 12 ಸೆಕೆಂಡು ದಾಟಿದರೆ ಕಾಲು ಸೊರಗುತ್ತಿದೆ ಎಂದರ್ಥ.

2. ತೂಕ ನೋಡಿ ಸಮಾಧಾನಪಡಬೇಡಿ. ಮೂವತ್ತು ದಾಟಿದ ಮೇಲೆ ಪ್ರತಿ ಹತ್ತು ವರ್ಷಕ್ಕೆ ಶೇ. 3ರಿಂದ 8ರಷ್ಟು ಸ್ನಾಯು ಕರಗುತ್ತದೆ. ಆ ಜಾಗದಲ್ಲಿ ಕೊಬ್ಬು ಸೇರುವುದರಿಂದ ತೂಕ ಹಾಗೇ ಇರುತ್ತದೆ. ಎಡವಿದಾಗ ಥಟ್ಟನೆ ಸಾವರಿಸಿಕೊಳ್ಳಲು ಬೇಕಾದ ಚುರುಕಿನ ಎಳೆಗಳೇ ಹೆಚ್ಚು ಸೊರಗುತ್ತವೆ.

3. ಜ್ವರ ಬಿಟ್ಟ ಮೇಲೂ ಮಲಗಿಸಬೇಡಿ. 2007ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಆರೋಗ್ಯವಾಗಿದ್ದ ವೃದ್ಧರು ಬರೀ ಹತ್ತು ದಿನ ಹಾಸಿಗೆಯಲ್ಲಿದ್ದುದಕ್ಕೆ ಕಾಲಿನಿಂದಲೇ ಸುಮಾರು ಒಂದು ಕಿಲೋ ಸ್ನಾಯು ಕಳೆದುಕೊಂಡರು.

4. ಶುಗರ್ ಇದ್ದವರು ಊಟವಾದ ಮೇಲೆ ನಡೆಯಲಿ. ದುಡಿಯುವ ಸ್ನಾಯು ಇನ್ಸುಲಿನ್‌ಗೆ ಕಾಯದೆಯೂ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತದೆ. ಸ್ನಾಯು ಕಡಿಮೆಯಾದಷ್ಟೂ ಸಕ್ಕರೆಗೆ ಹೋಗಲು ಜಾಗ ಕಡಿಮೆ.

5. ಮುದ್ದೆಯ ಜೊತೆ ಕಾಳು, ಮೊಟ್ಟೆ, ಮೊಸರು ಇರಲಿ. ವಯಸ್ಸಾದವರಿಗೆ ಮೈತೂಕದ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು. ಕಿಡ್ನಿ ತೊಂದರೆ ಇದ್ದವರು ಮಾತ್ರ ಮೊದಲು ವೈದ್ಯರನ್ನು ಕೇಳಬೇಕು.

6. ನಡಿಗೆಯೊಂದೇ ಸಾಲದು, ಸ್ನಾಯುವಿಗೆ ಭಾರ ಬೇಕು. 1990ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬಾಸ್ಟನ್ನಿನ ವೃದ್ಧಾಶ್ರಮವೊಂದರ ತೊಂಬತ್ತರ ಆಸುಪಾಸಿನವರು ಎಂಟು ವಾರ ಕಾಲಲ್ಲಿ ಭಾರ ಎತ್ತಿ, ತಮ್ಮ ಬಲವನ್ನು ಎರಡು ಪಟ್ಟಿಗಿಂತ ಹೆಚ್ಚಿಸಿಕೊಂಡರು. ನಮ್ಮಲ್ಲಿ ಯಂತ್ರವೇ ಬೇಕೆಂದಿಲ್ಲ. ಸೊಂಟದ ಆಪರೇಷನ್ ಆಗಿದ್ದ ಅಜ್ಜಿಯೊಬ್ಬರಿಗೆ ಕುರ್ಚಿಯ ಮೇಲೆ ಮೂರು ಮಡಿಸಿದ ಜಮಖಾನ ಹಾಕಿ ಎತ್ತರ ಮಾಡಿದೆ. ಹತ್ತು ಸಲ ಸಲೀಸಾಗಿ ಎದ್ದ ವಾರ ಒಂದು ಜಮಖಾನ ತೆಗೆದೆ. ಕುರ್ಚಿ ತಗ್ಗಿದಷ್ಟೂ ತೊಡೆಗೆ ಕೆಲಸ ಹೆಚ್ಚು.

7. ಕೈ ಹಿಡಿದು ಎಬ್ಬಿಸುವ ಮುನ್ನ ತಡೆಯಿರಿ. ಆ ಅಜ್ಜಿ ಮುಂದಕ್ಕೆ ಬಾಗುತ್ತಿದ್ದಂತೆ ಸೊಸೆ ಓಡಿಬಂದು ರಟ್ಟೆ ಹಿಡಿಯುತ್ತಿದ್ದರು. ಅಕ್ಕರೆಯೇ ಅದು, ಆದರೆ ತೊಡೆ ಮಾಡಬೇಕಾದ ಕೆಲಸವನ್ನು ಸೊಸೆಯ ಕೈ ಮಾಡುತ್ತಿತ್ತು. "ಪಕ್ಕದಲ್ಲೇ ನಿಂತಿರಿ ಅಮ್ಮಾ, ಮುಟ್ಟಬೇಡಿ" ಎಂದೆ. ಕೊನೆಯ ಜಮಖಾನ ತೆಗೆದ ದಿನ ಅಜ್ಜಿ ಎರಡು ಸಲ ಕುಸಿದು ಕೂತರು. ಸೊಸೆ ಸೆರಗು ಬಿಗಿ ಹಿಡಿದು ನಿಂತೇ ಇದ್ದರು. ಮೂರನೇ ಸಲ ಅಜ್ಜಿ ಎದ್ದರು.