ಬೂದಿಯಲ್ಲಿ ಚಿಗುರಿದ ಕಾಡು

ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ 1988ರ ಬೇಸಗೆಯಲ್ಲಿ ಭೀಕರ ಕಾಳ್ಗಿಚ್ಚು ಹಬ್ಬಿತು. ಸೆಪ್ಟೆಂಬರಿನ ಹಿಮಪಾತವು ಅದರ ಉರಿಯನ್ನು ತಗ್ಗಿಸುವ ವೇಳೆಗೆ ಉದ್ಯಾನದ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಪ್ರದೇಶವು ಬೆಂಕಿಗೆ ತುತ್ತಾಗಿತ್ತು.

ಆದರೆ ಕಾಡು ಅಳಿಯಲಿಲ್ಲ. ಅಲ್ಲಿನ ಲಾಡ್ಜ್‌ಪೋಲ್ ಪೈನ್ ಮರಗಳಲ್ಲಿ ಅನೇಕವು ತಮ್ಮ ಬೀಜಗಳನ್ನು ರಾಳದಿಂದ ಬಿಗಿದ ಕಾಯಿಗಳಲ್ಲಿ ವರ್ಷಗಟ್ಟಲೆ ಕಾಪಾಡುತ್ತವೆ. ಬೆಂಕಿಯ ಕಾವಿಗೆ ರಾಳ ಕರಗಿ, ಕಾಯಿ ಬಿರಿದು, ಬೀಜಗಳು ಬೂದಿಯ ಮೇಲೆ ಉದುರಿದವು. ಮಣ್ಣಿನಡಿ ಉಳಿದಿದ್ದ ಬೇರುಗಳಿಂದ ಹುಲ್ಲೂ ಹೂಗಿಡಗಳೂ ಮರುವರ್ಷವೇ ಚಿಗುರಿದವು; ಅವುಗಳ ನಡುವೆ ಪೈನ್ ಸಸಿಗಳು ತಲೆಯೆತ್ತಿದವು.

ಈ ಶಕ್ತಿಗೂ ಮಿತಿಯುಂಟು. 2016ರಲ್ಲಿ ಆ ಎಳೆಯ ಕಾಡಿನ ಕೆಲಭಾಗ ಮತ್ತೆ ಉರಿಯಿತು. ಸಾಕಷ್ಟು ಬೀಜ ಕೂಡಿಡಲು ಮರಗಳಿಗೆ ಕಾಲ ಸಾಲದೆ, ಅಲ್ಲಿ ಸಸಿಗಳು ಬಹಳ ವಿರಳವಾದವು. ಬೆಂಕಿಯನ್ನು ಗೆದ್ದು ಬೆಳೆಯಬಲ್ಲ ಕಾಡಿಗೂ ಒಂದು ಬೆಂಕಿಗೂ ಮತ್ತೊಂದಕ್ಕೂ ನಡುವೆ ದೀರ್ಘ ಬಿಡುವು ಬೇಕು.