ಹವಳದ ತೊಟ್ಟಿಯೂ ಸುಣ್ಣದ ತಿಳಿನೀರೂ

ಕಳೆದ ಮಳೆಗಾಲದಲ್ಲಿ, ಹೊರದೇಶದಲ್ಲಿ ಸಂಸಾರ ಹೂಡಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳಿಂದ ನನಗೊಂದು ಕಾಗದ ಬಂದಿತು. ಆಕೆಯ ಮನೆಯಲ್ಲಿ 200 ಲೀಟರ್ ಉಪ್ಪುನೀರಿನ ಗಾಜಿನ ತೊಟ್ಟಿಯಿದೆ. ತೊಟ್ಟಿಗಳಲ್ಲಿಯೇ ಬೆಳೆಸಿ ಮಾರುವ ಹವಳದ ತುಂಡುಗಳನ್ನು ತಂದು ಅದರಲ್ಲಿ ಸಾಕಿದ್ದಳು. ಎರಡು ವರ್ಷ ಚೆನ್ನಾಗಿದ್ದ ಹವಳಗಳು ಬೆಳವಣಿಗೆ ನಿಲ್ಲಿಸಿ, ಬುಡದಿಂದ ಮಾಂಸ ಕಳಚಿ, ಬಿಳಿಯ ಎಲುಬನ್ನು ತೋರಿಸಲಾರಂಭಿಸಿದುವಂತೆ. "ಹವಳಕ್ಕೆ ಸುಣ್ಣದಂಶ ಬೇಕೆಂದು ನೀವೇ ಕಲಿಸಿದಿರಿ, ಟೀಚರ್. ವಾರವಾರವೂ ಕ್ಯಾಲ್ಸಿಯಂ ಹಾಕುತ್ತಿದ್ದೇನೆ, ಆದರೂ ಸಾಯುತ್ತಿವೆ" ಎಂದು ಬರೆದಿದ್ದಳು. ಪಾಠವನ್ನು ಅರ್ಧ ಕಲಿಸಿದವಳು ನಾನೇ ಆದುದರಿಂದ ಉಳಿದರ್ಧವನ್ನು ಬರೆದು ಕಳುಹಿಸಿದೆನು. ಅದು ಇತರ ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ಉಪಯೋಗವಾದೀತೆಂದು ಇಲ್ಲಿ ಕೊಡುತ್ತೇನೆ.

ಹವಳವು ಕಲ್ಲೂ ಅಲ್ಲ, ಗಿಡವೂ ಅಲ್ಲ, ಅದು ಪ್ರಾಣಿ. ಅದರ ಮೃದುವಾದ ದೇಹದೊಳಗೆ ಅತಿ ಸೂಕ್ಷ್ಮವಾದ ಪಾಚಿಯು ವಾಸಮಾಡಿ, ಬೆಳಕಿನ ಬಲದಿಂದ ಆಹಾರವನ್ನು ಸಿದ್ಧಪಡಿಸಿ, ಮನೆ ಕೊಟ್ಟ ಪ್ರಾಣಿಗೆ ಅದರಲ್ಲಿ ಪಾಲು ಕೊಡುತ್ತದೆ. ಪ್ರಾಣಿಯಾದರೋ ಸಮುದ್ರದ ನೀರಿನಿಂದ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟ್ ಎಂಬೆರಡು ಪದಾರ್ಥಗಳನ್ನು ತೆಗೆದುಕೊಂಡು ತನ್ನ ಎಲುಬನ್ನು ಕಟ್ಟುತ್ತದೆ.

ನಮ್ಮ ಪ್ರಯೋಗಶಾಲೆಯಲ್ಲಿ ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಊದಿದ್ದು ನಿಮ್ಮೆಲ್ಲರ ನೆನಪಿನಲ್ಲಿರಬಹುದು. ಉಸಿರಿನ ಇಂಗಾಲಾಮ್ಲ ವಾಯು ಸೇರಿದೊಡನೆ ನೀರು ಹಾಲಿನಂತಾಗುತ್ತದೆ. ಆ ಬಿಳುಪು ಕ್ಯಾಲ್ಸಿಯಂ ಕಾರ್ಬೊನೇಟ್. ಹವಳದ ಎಲುಬೂ ಅದೇ ಪದಾರ್ಥ. ತಿಳಿನೀರಿನಲ್ಲಿ ಕ್ಯಾಲ್ಸಿಯಂ ಮೊದಲೇ ಇದ್ದರೂ ಉಸಿರು ಸೇರುವ ತನಕ ಬಿಳುಪು ಹುಟ್ಟಲಿಲ್ಲವೆಂಬುದನ್ನು ಗಮನಿಸಿರಿ. ಇನ್ನೂ ಊದುತ್ತ ಹೋದರೆ ನೀರು ಆಮ್ಲದ ಕಡೆಗೆ ವಾಲಿ, ಬಿಳುಪು ಕರಗಿಹೋಗುತ್ತದೆ. ಒಂದೇ ಪಾತ್ರೆಯಲ್ಲಿ ಕಟ್ಟುವುದನ್ನೂ ಕರಗುವುದನ್ನೂ ನಾವು ಕಂಡೆವು. ಹವಳದ ತೊಟ್ಟಿಯ ಸಮಸ್ತ ರಹಸ್ಯವೂ ಇದರಲ್ಲಿದೆ.

ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 410 ರಿಂದ 420 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಕಾರ್ಬೊನೇಟಿನ ಸಂಗ್ರಹವನ್ನು ಸೂಚಿಸುವ ಕ್ಷಾರತ್ವವು ಜರ್ಮನ್ ಡಿಗ್ರಿಯ ಅಳತೆಯಲ್ಲಿ ಸುಮಾರು 7 ಇರುತ್ತದೆ. ತೊಟ್ಟಿಯಲ್ಲಿ ಇದನ್ನು 8 ಅಥವಾ 9 ಇರಿಸುವವರುಂಟು. ಹವಳವು ಎಲುಬು ಕಟ್ಟುವಾಗ ಕ್ಷಾರತ್ವವು 1 ಡಿಗ್ರಿ ಇಳಿದರೆ, ಕ್ಯಾಲ್ಸಿಯಂ ಇಳಿಯುವುದು ಸುಮಾರು 7 ಮಿಲಿಗ್ರಾಂ ಮಾತ್ರ. ಆದುದರಿಂದ ಬಡತನವು ಮೊದಲು ಕ್ಷಾರತ್ವದಲ್ಲಿಯೇ ತೋರುವುದು. ನನ್ನ ಮಾತಿನಂತೆ ಆಕೆ ಅಳೆದು ನೋಡಿದಾಗ ಕ್ಯಾಲ್ಸಿಯಂ 450 ಇದ್ದಿತು, ಕ್ಷಾರತ್ವ 5 ಕ್ಕೆ ಇಳಿದಿತ್ತು. ಕಣಜ ತುಂಬಿದ್ದರೂ ಒಲೆಯಲ್ಲಿ ಬೆಂಕಿಯಿಲ್ಲದ ಮನೆಯಂತೆ ಆ ತೊಟ್ಟಿ ಇದ್ದಿತು.

ಪರಿಹಾರವು ಅಡುಗೆಮನೆಯಲ್ಲಿಯೇ ಇತ್ತು. ಶುದ್ಧವಾದ ಅಡುಗೆ ಸೋಡಾ ಸುಮಾರು 3 ಗ್ರಾಂ ಹಾಕಿದರೆ 100 ಲೀಟರ್ ನೀರಿನ ಕ್ಷಾರತ್ವವು 1 ಡಿಗ್ರಿ ಏರುತ್ತದೆ. ಆದರೆ ದಿನಕ್ಕೆ 1 ಡಿಗ್ರಿಗಿಂತ ಹೆಚ್ಚು ಏರಿಸತಕ್ಕದ್ದಲ್ಲ. ಹಠಾತ್ತಾದ ಸಮೃದ್ಧಿಯೂ ಹವಳವನ್ನು ಕೊಲ್ಲಬಲ್ಲದು. ಕ್ಯಾಲ್ಸಿಯಂ ಉಪ್ಪನ್ನೂ ಸೋಡಾವನ್ನೂ ಒಟ್ಟಿಗೆ ಸುರಿಯಲೂ ಕೂಡದು. ಹಾಗೆ ಸುರಿದರೆ ತೊಟ್ಟಿಯ ನೀರೇ ಹಾಲಾಗಿ, ಎರಡೂ ವ್ಯರ್ಥವಾಗುವುವು. ಅವು ಹೀಗೆ ತಾವಾಗಿ ಕೂಡಿ ತಳಕ್ಕಿಳಿಯದಂತೆ ತಡೆಯುವುದು ಮೆಗ್ನೀಸಿಯಂ. ಅದು ಲೀಟರಿಗೆ 1,300 ಮಿಲಿಗ್ರಾಂ ಆಸುಪಾಸಿನಲ್ಲಿರಬೇಕು. ಆವಿಯಾದ ನೀರಿಗೆ ಬದಲಾಗಿ ಶುದ್ಧವಾದ ಸಿಹಿನೀರನ್ನೇ ತುಂಬಬೇಕು, ಏಕೆಂದರೆ ಉಪ್ಪು ಆವಿಯಾಗುವುದಿಲ್ಲ.

ಗೋಣಿಬೀಡಿನ ಸುತ್ತಿನ ತೋಟಗಾರರಿಗೆ ಈ ವಿಚಾರ ಹೊಸದಲ್ಲ. ಮಳೆಯಲ್ಲಿ ತೊಳೆದ ನಮ್ಮ ಮಣ್ಣು ಹುಳಿಯಾಗುವುದರಿಂದ ಕಾಫಿಗೆ ಸುಣ್ಣ ಹಾಕುತ್ತೇವೆ. ಆದರೆ ವಿವೇಕಿಯಾದವನು ಮೊದಲು ಮಣ್ಣನ್ನು ಪರೀಕ್ಷಿಸಿ, ಅನಂತರ ಸುಣ್ಣವನ್ನು ಅಳೆಯುತ್ತಾನೆ. ಮೈಲುತುತ್ತವೂ ಸುಣ್ಣವೂ ಸೇರಿದ ಬೋರ್ಡೋ ದ್ರಾವಣವು ನಮ್ಮ ಗಿಡಗಳಿಗೆ ಔಷಧ. ಅದರಲ್ಲಿರುವ ತಾಮ್ರದ ಅತ್ಯಲ್ಪ ಅಂಶವೇ ಹವಳಕ್ಕೆ ವಿಷ. ಒಂದೆಡೆಯ ಮದ್ದು ಇನ್ನೊಂದೆಡೆಗೆ ಮದ್ದಲ್ಲ.

ನಮ್ಮ ನಾಡಿನ ಹವಳವನ್ನು ನೋಡಬೇಕಾದರೆ ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪಕ್ಕೆ ಹೋಗಬೇಕು. ಅದನ್ನು ಕಿತ್ತು ತರಲು ಯಾರೂ ಯೋಚಿಸಬಾರದು; 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಎಲುಬು ಕಟ್ಟುವ ಹವಳಗಳಿಗೆ ರಕ್ಷಣೆ ಕೊಟ್ಟಿದೆ. 1998ರಲ್ಲಿ ಸಮುದ್ರವು ಅತಿಯಾಗಿ ಬಿಸಿಯೇರಿದಾಗ ಲಕ್ಷದ್ವೀಪದ ಹವಳಗಳು ತಮ್ಮೊಳಗಿನ ಪಾಚಿಯನ್ನು ಕಳೆದುಕೊಂಡು ಬಿಳಿಚಿ, ಬಹುಪಾಲು ಸತ್ತುವು. ಯಂತ್ರಗಳ ಯುಗ ಮೊದಲಾದಂದಿನಿಂದ ನಾವು ಸುಟ್ಟ ಕಲ್ಲಿದ್ದಲು ಮತ್ತು ಎಣ್ಣೆಗಳ ಇಂಗಾಲಾಮ್ಲವನ್ನು ಹೀರಿ, ಸಮುದ್ರದ ಮೇಲ್ಪದರದ ಪಿ.ಎಚ್. ಸುಮಾರು 8.2 ರಿಂದ 8.1 ಕ್ಕೆ ಇಳಿದಿದೆ. ಕೊಳವೆಯಿಂದ ಊದುತ್ತಲೇ ಇರುವವರು ನಾವೇ ಅಲ್ಲವೆ?

ಆಕೆಯ ಎರಡನೆಯ ಕಾಗದ ಕ್ರಿಸ್ಮಸ್ ರಜೆಯಲ್ಲಿ ತಲಪಿತು. ಮೂರು ಹವಳಗಳು ಉಳಿಯಲಿಲ್ಲ. ಮಿಕ್ಕವುಗಳ ತುದಿಯಲ್ಲಿ ಹೊಸ ಬೆಳವಣಿಗೆ ಕಾಣುತ್ತಿದೆಯಂತೆ. ಈಗ ಆಕೆ ಮೊದಲು ಅಳೆದು, ಅನಂತರ ಹಾಕುತ್ತಾಳೆ. ತೊಟ್ಟಿಯ ನೀರನ್ನು ಹೀಗೆ ಸರಿಪಡಿಸಬಹುದು. ಸಮುದ್ರಕ್ಕೆ ಸೋಡಾ ಅಳೆದು ಹಾಕುವ ಚಮಚ ಯಾರಲ್ಲಿದೆ? ಅಲ್ಲಿ ನಮಗೆ ಸಾಧ್ಯವಿರುವುದು ಊದುವುದನ್ನು ಕಡಮೆ ಮಾಡುವುದೊಂದೇ.