ಸೊಂಟದ ಕತ್ತಿಯ ದಿನದ ಬಾಡಿಗೆ

ತೋಟಕ್ಕೆ ಇಳಿಯುವಾಗ ನನ್ನ ಸೊಂಟದಲ್ಲಿ ಒಂದು ಸಣ್ಣ ಕತ್ತಿ ಇರುತ್ತದೆ. ಅಲಗು ಮೂರೂವರೆ ಇಂಚು, ಹಿಡಿ ನಾಲ್ಕು ಇಂಚು. ಮಡಚುವಂಥದ್ದಲ್ಲ. ಗೊಬ್ಬರದ ಚೀಲದ ಹೊಲಿಗೆ ಬಿಚ್ಚಬೇಕು, ಕಾಳುಮೆಣಸಿನ ಬಳ್ಳಿ ಕಟ್ಟಿದ ದಾರ ತುಂಡರಿಸಬೇಕು, ಡ್ರಿಪ್ ಪೈಪು ಕತ್ತರಿಸಬೇಕು, ಬರುವಾಗ ಊಟಕ್ಕೆ ಬಾಳೆಲೆ ಕೊಯ್ದು ತರಬೇಕು. ದಿನಕ್ಕೆ ಏನಿಲ್ಲವೆಂದರೂ ಹತ್ತು ಸಲ ಕೈ ಅಲ್ಲಿಗೆ ಹೋಗುತ್ತದೆ.

ಈ ಕತ್ತಿ ನನ್ನ ಸೊಂಟಕ್ಕೆ ಬರುವ ಮೊದಲು ನಾನು ₹3,400 ಖರ್ಚು ಮಾಡಿದ್ದೆ. ಮೊನ್ನೆ ಹಳೆಯ ಲೆಕ್ಕದ ಪುಸ್ತಕ ತಿರುವಿದಾಗಲೇ ಅದು ಗೊತ್ತಾದದ್ದು. ಸಂತೆಯಲ್ಲಿ ಕೊಂಡ ಐದು ಅಗ್ಗದ ಚಾಕುಗಳಿಗೆ ಒಟ್ಟು ₹450. ಮಡಚುವ ಚಾಕು ಒಂದಕ್ಕೆ ₹1,100. ಹೊಳೆಯುವ ದಪ್ಪ ಅಲಗಿನ, ನೋಡಲು ಬಲು ಚೆಂದದ ಚಾಕುವಿಗೆ ₹1,850. ಆಮೇಲೆ, 2020ರ ಮಳೆಗಾಲಕ್ಕೆ ಮುಂಚೆ, ಕುಲುಮೆಯ ಆಚಾರ್ರು ಲಾರಿಯ ಸ್ಪ್ರಿಂಗ್ ಪ್ಲೇಟಿನಿಂದ ಬಡಿದುಕೊಟ್ಟ ಈ ಕತ್ತಿಗೆ ₹300. ಜೊತೆಗೆ ಒಂದು ಸಾಣೆಕಲ್ಲಿಗೆ ₹180.

ಕೊಂಡ ಬೆಲೆಯನ್ನಷ್ಟೇ ನೋಡಿದರೆ ಸಂತೆಯ ಚಾಕುವೇ ಅಗ್ಗ. ಆದರೆ ನಾನು ಮಡಚುವ ಚಾಕು ಬಿಟ್ಟು ಉಳಿದವಕ್ಕೆ ದಿನದ ಬಾಡಿಗೆ ಹಾಕಿ ನೋಡಿದೆ. ಕೊಂಡ ಬೆಲೆಗೆ ಮಸೆಯಲು ಹಿಡಿದ ಹೊತ್ತಿನ ಬೆಲೆ ಸೇರಿಸಿ, ಬಳಸಿದ ದಿನಗಳಿಂದ ಭಾಗಿಸುವುದು. ಹೊತ್ತಿನ ಬೆಲೆಗೆ ದಿನಗೂಲಿ ₹600 ಎಂದು ಹಿಡಿದೆ, ಗಂಟೆಗೆ ₹75.

ಸಂತೆಯ ಐದು ಚಾಕುಗಳು ಎಲ್ಲ ಸೇರಿ ಸುಮಾರು 300 ದಿನ ಬಾಳಿದವು. ಕಬ್ಬಿಣ ಮೆತ್ತಗೆ, ಮೂರು ದಿನಕ್ಕೊಮ್ಮೆ ಬಾವಿಕಟ್ಟೆಯ ಕಲ್ಲಿಗೆ ಹತ್ತು ನಿಮಿಷ ಉಜ್ಜಬೇಕಿತ್ತು. ಆ ಹೊತ್ತು ಹದಿನಾರು ಗಂಟೆ ನಲವತ್ತು ನಿಮಿಷವಾಗುತ್ತದೆ, ಅಂದರೆ ₹1,250. ದಿನದ ಬಾಡಿಗೆ ₹5.65 ದಾಟಿತು. ದಪ್ಪ ಅಲಗಿನ ಚಾಕುವನ್ನು ಬಳಸಿದ್ದು ಹತ್ತೇ ದಿನ, ಬಾಡಿಗೆ ₹185. ಆಚಾರ್ರ ಕತ್ತಿ ಐದು ವರ್ಷದಲ್ಲಿ 1,250 ದಿನ ದುಡಿದಿದೆ. ಹದಿನೈದು ದಿನಕ್ಕೊಮ್ಮೆ ಹತ್ತು ನಿಮಿಷ ಮಸೆದರೆ ಸಾಕು; ಐದು ವರ್ಷಕ್ಕೆ ಒಟ್ಟು ಸುಮಾರು ಇಪ್ಪತ್ತು ಗಂಟೆ, ₹1,500. ಕತ್ತಿ, ಕಲ್ಲು, ಹೊತ್ತು ಎಲ್ಲ ಸೇರಿ ₹1,980. ದಿನಕ್ಕೆ ₹1.58.

ಈ ಕೊನೆಯ ಲೆಕ್ಕವನ್ನು ಇನ್ನೊಮ್ಮೆ ನೋಡಿ. ₹1,980ರಲ್ಲಿ ಮುಕ್ಕಾಲು ಪಾಲು ಮಸೆಯುವ ಹೊತ್ತಿಗೇ ಹೋಗಿದೆ. ಸಣ್ಣ ಕತ್ತಿ ಕೊಳ್ಳುವವರು ಮೊದಲು ಕೇಳಬೇಕಾದ ಪ್ರಶ್ನೆ ಇಲ್ಲಿದೆ: ಇದರ ಬಾಯಿ ಎಷ್ಟು ದಿನ ನಿಲ್ಲುತ್ತದೆ, ಮೊಂಡಾದರೆ ಎಷ್ಟು ಬೇಗ ಮತ್ತೆ ಹರಿತವಾಗುತ್ತದೆ? ಅಲಗಿನ ಮೇಲೆ ‘ಸ್ಟೇನ್‌ಲೆಸ್’ ಎಂದು ಅಚ್ಚೊತ್ತಿದ್ದರೆ ಅದಕ್ಕೆ ಉತ್ತರ ಸಿಗುವುದಿಲ್ಲ. ತುಕ್ಕು ಹಿಡಿಯದಿರುವುದು ಬೇರೆ, ಬಾಯಿ ನಿಲ್ಲುವುದು ಬೇರೆ. ಸ್ಪ್ರಿಂಗ್ ಪ್ಲೇಟಿನ ಉಕ್ಕನ್ನು ಕೆಂಪಗೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಹದವಾಗಿ ಬಿಸಿ ಮಾಡಿದಾಗ ಗಟ್ಟಿತನವೂ ಬರುತ್ತದೆ, ಚೂರಾಗದ ಗುಣವೂ ಉಳಿಯುತ್ತದೆ. “ತುಕ್ಕು ಹಿಡೀತದೆ ಮಾರಾಯ್ರೇ, ಒರೆಸಿ ಇಟ್ಕೊಳ್ಳಿ” ಎಂದು ಆಚಾರ್ರು ಅಂದೇ ಹೇಳಿದ್ದರು. ಸಂಜೆ ಬಟ್ಟೆಯಲ್ಲಿ ಒರೆಸಿ ಒಂದು ಹನಿ ಕೊಬ್ಬರಿ ಎಣ್ಣೆ ಸವರುತ್ತೇನೆ. ಐದು ಮಳೆಗಾಲ ಕಳೆದರೂ ಅಲಗು ಕಪ್ಪಾಗಿದೆಯೇ ಹೊರತು ತುಕ್ಕು ತಿಂದಿಲ್ಲ.

ಎರಡನೆಯದು ಅಲಗಿನ ದಪ್ಪ. ₹1,850ರ ಚಾಕು ಸೋತದ್ದು ಇಲ್ಲಿಯೇ. ನಾಲ್ಕು ಮಿಲಿಮೀಟರಿನ ಅಲಗು ಪೈಪನ್ನು ಸೀಳುತ್ತದೆ, ಕೊಯ್ಯುವುದಿಲ್ಲ. ದಿನದ ಕೆಲಸಕ್ಕೆ ಎರಡು, ಎರಡೂವರೆ ಮಿಲಿಮೀಟರು ಧಾರಾಳ ಸಾಕು. ಸ್ವೀಡನ್ನಿನ ಮೋರಾ ಊರಿನಲ್ಲಿ 1891ರಿಂದ ಕೆಲಸಗಾರರ ಚಾಕು ಮಾಡುತ್ತ ಬಂದಿರುವ ಮೋರಾಕ್ನಿವ್ ಕಂಪನಿಯ ಕಂಪ್ಯಾನಿಯನ್ ಮಾದರಿಯ ಅಲಗು ಕೂಡ ಎರಡೂವರೆ ಮಿಲಿಮೀಟರೇ. ಒರೆ ಸಾದಾ ಪ್ಲಾಸ್ಟಿಕ್ಕಿನದು. ಹತ್ತಿರದಲ್ಲಿ ಕುಲುಮೆ ಇಲ್ಲದವರು ಅಂಥದ್ದನ್ನು ನೋಡಬಹುದು.

ಮೂರನೆಯದು ಒರೆ. ಕತ್ತಿ ಸೊಂಟದಲ್ಲಿ ಇರುವುದೂ ಮನೆಯಲ್ಲೇ ಉಳಿಯುವುದೂ ಒರೆಯ ಮೇಲೆ ನಿಂತಿದೆ. ಚರ್ಮದ ಒರೆ ನಮ್ಮ ಮಳೆಗೆ ನೀರು ಕುಡಿದು ಬೂಸ್ಟು ಹಿಡಿಯುತ್ತದೆ, ಒಳಗಿನ ಅಲಗಿಗೂ ತುಕ್ಕು ತರಿಸುತ್ತದೆ. ನಾನು ಬಿಸಾಡಿದ ಪಿವಿಸಿ ಪೈಪಿನ ತುಂಡನ್ನು ಕುದಿಯುವ ನೀರಿನಲ್ಲಿ ಮೆತ್ತಗೆ ಮಾಡಿ, ಅಲಗಿನ ಅಳತೆಗೆ ಎರಡು ಹಲಗೆಗಳ ನಡುವೆ ಒತ್ತಿ ಒರೆ ಮಾಡಿಕೊಂಡೆ. ಕೆಳತುದಿಯಲ್ಲಿ ನೀರು ಇಳಿಯಲು ಒಂದು ತೂತು. ಪರೀಕ್ಷೆ ಸುಲಭ: ಚಾಪೆಯ ಮೇಲೆ ಒರೆಯನ್ನು ತಲೆಕೆಳಗಾಗಿ ಹಿಡಿದು ಜೋರಾಗಿ ಕೊಡವಿ. ಕತ್ತಿ ಜಾರಿ ಬಿದ್ದರೆ ಅದನ್ನು ಸೊಂಟಕ್ಕೆ ಕಟ್ಟಬೇಡಿ.

ಮಡಚುವ ಚಾಕುವಿನ ಕಥೆಯನ್ನೂ ಹೇಳಿಬಿಡುತ್ತೇನೆ. ಅದರ ಕೀಲಿಗೆ ಮಣ್ಣು, ಅಡಿಕೆಯ ತೊಗರು ಸೇರಿ ಬಿಗಿಯಾಗುತ್ತಿತ್ತು. ಆದರೂ ಬಳಸುತ್ತಿದ್ದೆ. ಒಮ್ಮೆ ವಿಮಾನ ಹತ್ತಲು ಹೋದಾಗ ಕೈಚೀಲದಲ್ಲೇ ಮರೆತು, ತಪಾಸಣೆಯಲ್ಲಿ ಬಿಟ್ಟುಕೊಡಬೇಕಾಯಿತು. ತಪ್ಪು ಪೂರ್ತಿ ನನ್ನದೇ. ಇನ್ನು ಕಾನೂನಿನ ಮಾತು: ಒಂಬತ್ತು ಇಂಚಿಗಿಂತ ಉದ್ದದ ಅಥವಾ ಎರಡು ಇಂಚಿಗಿಂತ ಅಗಲದ ಅಲಗನ್ನು 2016ರ ಶಸ್ತ್ರಾಸ್ತ್ರ ನಿಯಮಗಳು ಆಯುಧವೆಂದು ಎಣಿಸುತ್ತವೆ; ಮನೆ, ಕೃಷಿ, ಕೈಗಾರಿಕೆಯ ಕೆಲಸಕ್ಕೆಂದು ಮಾಡಿದವುಗಳಿಗೆ ಅದರಿಂದ ವಿನಾಯಿತಿ ಇದೆ. ನನ್ನ ಕತ್ತಿ ಆ ಅಳತೆಯ ಹತ್ತಿರಕ್ಕೂ ಬರುವುದಿಲ್ಲ. ಹಾಗೆಂದು ಎಲ್ಲ ಕಡೆಗೂ ಒಯ್ಯಬಹುದು ಎಂದು ಅರ್ಥವಲ್ಲ. ಪೇಟೆಗೆ, ಮೆಟ್ರೊಗೆ, ಜಾತ್ರೆಗೆ ಹೊರಟ ದಿನ ಅದು ಬಾಗಿಲ ಹಿಂದಿನ ಮೊಳೆಗೆ ತೂಗಿರುತ್ತದೆ. ಕೆಲಸದ ಜಾಗದಲ್ಲಷ್ಟೇ ಅದು ಸಲಕರಣೆ.

ಕಳೆದ ತಿಂಗಳು ಮಗಳಿಗೂ ಒಂದು ಬೇಕಾಯಿತು. ತೋಟದ ಮೆಣಸಿನ ಬಳ್ಳಿಗಳನ್ನು ಈಗ ಅವಳೇ ನೋಡಿಕೊಳ್ಳುತ್ತಾಳೆ. ಆಚಾರ್ರು ₹400 ಎಂದರು. ಹಿಂದಿನ ಸಲ ₹350 ಹೇಳಿದ್ದನ್ನು ಚೌಕಾಸಿ ಮಾಡಿ ₹50 ಇಳಿಸಿಕೊಂಡಿದ್ದೆ. ಆ ಐವತ್ತನ್ನು 1,250 ದಿನಕ್ಕೆ ಹಂಚಿದರೆ ದಿನಕ್ಕೆ ನಾಲ್ಕು ಪೈಸೆ. ಆಚಾರ್ರಿಗೆ ಅದು ಕುಲುಮೆಯ ಮುಂದೆ ಬೆವರು ಸುರಿಸಿದ ಹೊತ್ತಿನ ಕೂಲಿ. ನನ್ನ ಹೊತ್ತಿಗೆ ಗಂಟೆಗೆ ₹75 ಬರೆದುಕೊಂಡ ಮೇಲೆ ಅವರ ಹೊತ್ತನ್ನು ಕಡಿಮೆ ಮಾಡಿ ಬರೆಯಲು ಮನಸ್ಸು ಒಪ್ಪಲಿಲ್ಲ. ನಾನೂರು ಕೊಟ್ಟು, “ಆಚಾರ್ರೇ, ಎರಡು ದಿನ ತಡವಾದರೂ ಅಡ್ಡಿಯಿಲ್ಲ, ಹದ ಮಾತ್ರ ಮೊದಲಿನ ಹಾಗೇ ಇರಲಿ” ಎಂದು ಹೇಳಿ ಬಂದೆ.